158 ಎಂದು ಕೊರೆದ ಅಚ್ಚು, 167 ತೂಗುವ ಗುಂಡು: ಒಂದು ಪ್ರಕರಣ ಅಧ್ಯಯನ

ಪ್ರಕರಣ ಬಂದೂಕಿನ ಗುಂಡುಗಳನ್ನು ಎರಕ ಹೊಯ್ಯುವ, ಎರಡು ಕುಳಿಗಳ ಒಂದು ಅಲ್ಯೂಮಿನಿಯಂ ಅಚ್ಚಿನದು. ಅದರ ಮಗ್ಗುಲಲ್ಲಿ 358 ಮತ್ತು 158 ಎಂಬ ಎರಡು ಸಂಖ್ಯೆಗಳನ್ನು ಕೊರೆಯಲಾಗಿದೆ. ಮೊದಲನೆಯದು ಇಂಚಿನ ಸಾವಿರದ ಭಾಗಗಳಲ್ಲಿ ಗುಂಡಿನ ವ್ಯಾಸವನ್ನೂ ಎರಡನೆಯದು ಗ್ರೇನ್‌ಗಳಲ್ಲಿ ಅದರ ತೂಕವನ್ನೂ ಸೂಚಿಸುತ್ತದೆ. ಅಮೆರಿಕದ ಒಬ್ಬ ಹವ್ಯಾಸಿ ಇದನ್ನು ಹಳೆಯ ಸಾಮಾನಿನ ಮಾರಾಟದಲ್ಲಿ ಕೊಂಡು, ತನ್ನ .38 ಸ್ಪೆಷಲ್ ರಿವಾಲ್ವರಿಗೆಂದು ಕಾರಿನ ಚಕ್ರಗಳಿಗೆ ಸಿಕ್ಕಿಸುವ ಸೀಸದ ತೂಕದ ತುಂಡುಗಳನ್ನು ಕರಗಿಸಿ ಗುಂಡು ಎರಕ ಹೊಯ್ದಿದ್ದಾನೆ. ಗುಂಡುಗಳು ನೋಡಲು ಚೆನ್ನಾಗಿವೆ, ಅಂಚುಗಳು ತುಂಬಿಕೊಂಡಿವೆ, ಮೈಯಲ್ಲಿ ಸುಕ್ಕಿಲ್ಲ. ತಕ್ಕಡಿಗೆ ಹಾಕಿದರೆ ಮಾತ್ರ ಒಂದೊಂದೂ 167 ಗ್ರೇನಿನ ಆಸುಪಾಸು ತೂಗುತ್ತದೆ. ಅಚ್ಚಿನ ಮೇಲಿನ ಸಂಖ್ಯೆಗಿಂತ ಇದು ಒಂಬತ್ತು ಗ್ರೇನ್, ಅಂದರೆ ಶೇಕಡಾ ಐದೂಮುಕ್ಕಾಲರಷ್ಟು ಹೆಚ್ಚು.

ಈ ಹವ್ಯಾಸಿ ನಿರ್ದಿಷ್ಟ ವ್ಯಕ್ತಿಯಲ್ಲ, ಅಚ್ಚೂ ಇಂಥದೇ ಕಂಪನಿಯದೆಂದು ಹೇಳುವಂಥದ್ದಲ್ಲ. ಎರಕದವರಿಗೆ ಮತ್ತೆಮತ್ತೆ ಎದುರಾಗುವ ತೊಡಕುಗಳನ್ನು ಒಂದೇ ಅಚ್ಚಿನ ಮೇಲೆ ಕೂಡಿಸಿ ಕಟ್ಟಿದ ಮಾದರಿ ಪ್ರಕರಣವಿದು. ಲೋಹಗಳ ಸಾಂದ್ರತೆ, ಮಿಶ್ರಲೋಹಗಳ ಪ್ರಮಾಣ, ಅವುಗಳಿಂದ ಹುಟ್ಟುವ ಲೆಕ್ಕ ಇವೆಲ್ಲ ವಾಸ್ತವದವು. ಗುಂಡಿನ ಮೇಲಿನ ಅಳತೆಗಳನ್ನು ಸಾಮಾನ್ಯವಾಗಿ ಕಾಣಸಿಗುವ ಪ್ರಮಾಣದಲ್ಲಿ ಆರಿಸಿಕೊಳ್ಳಲಾಗಿದೆ. ಹೆಚ್ಚುವರಿ ಒಂಬತ್ತು ಗ್ರೇನಿನ ಪೂರ್ತಿ ಹೊಣೆ ಒಂದೇ ಕಾರಣದ ಮೇಲೆ ಬೀಳದಂತೆ ಪ್ರಕರಣವನ್ನು ಉದ್ದೇಶಪೂರ್ವಕವಾಗಿಯೇ ಕಟ್ಟಿದ್ದೇನೆ. ಏಕೆಂದರೆ ನಿಜದಲ್ಲಿ ನಡೆಯುವುದೂ ಬಹುಪಾಲು ಹಾಗೆಯೇ.

ಗ್ರೇನ್ ಎಂಬ ಮಾನದ ಪರಿಚಯ ಇಲ್ಲದವರಿಗೆ ಒಂದು ಮಾತು. ಒಂದು ಪೌಂಡಿಗೆ 7000 ಗ್ರೇನ್. ಒಂದು ಗ್ರೇನ್ ಸುಮಾರು 64.8 ಮಿಲಿಗ್ರಾಂ. ನಮ್ಮ ಚಿನಿವಾರರ ತೊಲ ಬ್ರಿಟಿಷರ ಕಾಲದಲ್ಲಿ 180 ಗ್ರೇನಿಗೆ ನಿಗದಿಯಾದದ್ದರಿಂದಲೇ ಅದು ಇಂದಿಗೂ 11.66 ಗ್ರಾಂ ಎಂದು ಉಳಿದುಕೊಂಡಿದೆ. ಹಾಗಾಗಿ 158 ಗ್ರೇನಿನ ಗುಂಡು ಒಂದು ತೊಲಕ್ಕಿಂತ ಸ್ವಲ್ಪ ಕಡಿಮೆ, 10.24 ಗ್ರಾಂ. ನಮ್ಮ ಪ್ರಕರಣದ ವ್ಯತ್ಯಾಸ ಅರ್ಧ ಗ್ರಾಮಿಗಿಂತ ತುಸು ಹೆಚ್ಚು. ಚಿನ್ನದಂಗಡಿಯಲ್ಲಿ ಇಷ್ಟು ವ್ಯತ್ಯಾಸವಾದರೆ ಜಗಳವೇ ಆದೀತು.

ಅಚ್ಚಿನ ವಿಷಯದಲ್ಲಿ ಜಗಳಕ್ಕೆ ಆಧಾರವಿದೆಯೇ ಎಂಬುದನ್ನು ಮೊದಲು ನೋಡಬೇಕು. ಅಚ್ಚನ್ನು ಮಾರುವವನು ಮಾರುತ್ತಿರುವುದು ಸೀಸವನ್ನಲ್ಲ, ಒಂದು ಟೊಳ್ಳನ್ನು. ಟೊಳ್ಳಿಗೆ ಇರುವುದು ಆಕಾರ ಮತ್ತು ಗಾತ್ರ ಮಾತ್ರ. ತೂಕ ಬರುವುದು ಅದರೊಳಗೆ ಸುರಿಯುವ ಲೋಹದಿಂದ. ಆದ್ದರಿಂದ ಅಚ್ಚಿನ ಮೇಲೆ ಕೊರೆದ ತೂಕ ಯಾವುದೋ ಒಂದು ಮಿಶ್ರಲೋಹವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದೇ ಆಗಿರುತ್ತದೆ. ಆ ಮಿಶ್ರಲೋಹದ ಹೆಸರು ಅಚ್ಚಿನ ಮೇಲೆ ಇರುವುದಿಲ್ಲ. ಪೆಟ್ಟಿಗೆಯ ಚೀಟಿಯಲ್ಲೋ ಕ್ಯಾಟಲಾಗಿನ ಅಡಿಟಿಪ್ಪಣಿಯಲ್ಲೋ ಇದ್ದರೆ ಅದೃಷ್ಟ. ಕೈಯಿಂದ ಕೈಗೆ ದಾಟಿದ ಅಚ್ಚಿನ ಜೊತೆ ಆ ಚೀಟಿ ಬರುವುದು ಅಪರೂಪ.

ಅಮೆರಿಕದ ಅಚ್ಚುಗಳ ಹೆಸರಿಡುವ ಪದ್ಧತಿಯೂ ಈ ಗೊಂದಲಕ್ಕೆ ಕೈಜೋಡಿಸಿದೆ. ಜಾನ್ ಬಾರ್ಲೋ 1884ರಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ಆರಂಭಿಸಿದ ಐಡಿಯಲ್ ಕಂಪನಿ ಹಾಕಿಕೊಟ್ಟ ಕ್ರಮದಲ್ಲಿ ಅಚ್ಚಿನ ಸಂಖ್ಯೆಯ ಮೊದಲ ಮೂರು ಅಂಕಿಗಳು ವ್ಯಾಸವನ್ನೂ ಉಳಿದವು ಕುಳಿ ಕೊರೆಯುವ ಉಪಕರಣದ ಕ್ರಮಸಂಖ್ಯೆಯನ್ನೂ ಹೇಳುತ್ತಿದ್ದವು. 1925ರಲ್ಲಿ ಐಡಿಯಲ್ ಅನ್ನು ಕೊಂಡ ಲೈಮನ್ ಇದನ್ನೇ ಮುಂದುವರಿಸಿತು. 358429 ಎಂಬ ಪ್ರಸಿದ್ಧ ಅಚ್ಚಿನ ಸಂಖ್ಯೆಯಲ್ಲಿ ತೂಕದ ಸುಳಿವೇ ಇಲ್ಲ. ಅದನ್ನು ತಿಳಿಯಬೇಕಾದವರು ಕ್ಯಾಟಲಾಗನ್ನು ತೆರೆಯಲೇಬೇಕು, ತೆರೆದರೆ ಅಲ್ಲಿ ಮಿಶ್ರಲೋಹದ ಮಾತೂ ಕಣ್ಣಿಗೆ ಬೀಳುತ್ತದೆ. ವಿಸ್ಕಾನ್ಸಿನ್‌ನ ಲೀ ಕಂಪನಿಯ ಪದ್ಧತಿ ಬೇರೆ: 358-158-ಆರ್‌ಎಫ್ ಎಂದರೆ ವ್ಯಾಸ, ತೂಕ, ಮೂಗಿನ ಆಕಾರ. ಕೊಳ್ಳುವವರಿಗೆ ಇದೇ ಹೆಚ್ಚು ಅನುಕೂಲ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹೆಸರಿನಲ್ಲೇ ಸೇರಿಹೋದ ತೂಕ, ನಡುವಣ ಗೆರೆಯಷ್ಟೇ ಗಟ್ಟಿಯಾದ ಸಂಗತಿಯೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಅದರ ಹಿಂದಿನ ಷರತ್ತು ಓದುವವನ ಕಣ್ಣಿಗೆ ಬೀಳುವುದೇ ಇಲ್ಲ.

ಲೋಹದ ಲೆಕ್ಕ

ಶುದ್ಧ ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ. ತವರದ್ದು ಸುಮಾರು 7.29, ಆಂಟಿಮನಿಯದ್ದು 6.69. ಸೀಸವನ್ನು ಗಟ್ಟಿ ಮಾಡಲು ಆಂಟಿಮನಿ, ಅಚ್ಚಿನ ಮೂಲೆಗಳಿಗೆ ಚೆನ್ನಾಗಿ ಹರಿಯುವಂತೆ ಮಾಡಲು ತವರ ಸೇರಿಸುತ್ತಾರೆ. ಎರಡೂ ಸೀಸಕ್ಕಿಂತ ಬಹಳ ಹಗುರವಾದ್ದರಿಂದ, ಗುಂಡು ಗಟ್ಟಿಯಾದಷ್ಟೂ ಅದೇ ಕುಳಿಯಿಂದ ಹೊರಬರುವ ತೂಕ ಇಳಿಯುತ್ತದೆ.

ಲೈಮನ್ ತನ್ನ ತೂಕಗಳಿಗೆ ಆಧಾರವಾಗಿ ಇಟ್ಟುಕೊಂಡದ್ದು ತನ್ನದೇ ಎರಡನೇ ನಂಬರಿನ ಮಿಶ್ರಲೋಹವನ್ನು. ಅದರಲ್ಲಿ 90 ಭಾಗ ಸೀಸ, 5 ಭಾಗ ತವರ, 5 ಭಾಗ ಆಂಟಿಮನಿ. ಘಟಕಗಳ ಗಾತ್ರಗಳನ್ನು ಸುಮ್ಮನೆ ಕೂಡಿಸಿ ಲೆಕ್ಕ ಹಾಕಿದರೆ ಅದರ ಸಾಂದ್ರತೆ ಸುಮಾರು 10.67 ಬರುತ್ತದೆ. ನಮ್ಮ ಅಚ್ಚಿನ 158 ಕೂಡ ಇಂಥದೇ ಲೋಹಕ್ಕೆ ಬರೆದದ್ದು ಎಂದು ಹಿಡಿಯೋಣ. ಆಗ ಕುಳಿಯ ಗಾತ್ರ 0.96 ಘನ ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಇದೇ ಕುಳಿಗೆ ಬೇರೆ ಬೇರೆ ಲೋಹ ಸುರಿದರೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಶುದ್ಧ ಸೀಸ ಸುರಿದರೆ ಸುಮಾರು 168 ಗ್ರೇನ್. 96 ಭಾಗ ಸೀಸ, ಮೂರೂವರೆ ಭಾಗ ಆಂಟಿಮನಿ, ಅರ್ಧ ಭಾಗ ತವರ ಇರುವ ಚಕ್ರದ ತೂಕದ ಲೋಹ ಸುರಿದರೆ ಸಾಂದ್ರತೆ 11.04, ಗುಂಡು 163.5 ಗ್ರೇನ್. ಅದಕ್ಕೇ ನೂರಕ್ಕೆ ಎರಡರಂತೆ ತವರ ಸೇರಿಸಿದರೆ 162ರ ಹತ್ತಿರ. 84 ಭಾಗ ಸೀಸ, 12 ಭಾಗ ಆಂಟಿಮನಿ, 4 ಭಾಗ ತವರದ ಲೈನೋಟೈಪ್ ಲೋಹ ಸುರಿದರೆ 152. ಒಂದೇ ಕುಳಿ, ಒಂದೇ ಕೈ, ಒಂದೇ ತಕ್ಕಡಿ. ಆದರೂ ಹದಿನಾರು ಗ್ರೇನಿನ ಅಂತರ.

ಈ ಲೆಕ್ಕಕ್ಕೆ ಒಂದು ಸಣ್ಣ ತಿದ್ದುಪಡಿ ಬೇಕು. ಕರಗಿದ ಲೋಹ ಗಟ್ಟಿಯಾಗಿ ತಣಿಯುವಾಗ ಎಲ್ಲ ಮಿಶ್ರಲೋಹಗಳೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಶುದ್ಧ ಸೀಸದ ಗುಂಡು ಅದೇ ಅಚ್ಚಿನಿಂದ ಲೈನೋಟೈಪಿನ ಗುಂಡಿಗಿಂತ ತುಸು ಸಣ್ಣ ವ್ಯಾಸದಲ್ಲಿ ಬರುತ್ತದೆಂಬುದು ಎರಕದವರಿಗೆಲ್ಲ ಗೊತ್ತಿರುವ ಸಂಗತಿ. ಹೀಗಾಗಿ ಸಾಂದ್ರತೆಯಿಂದ ನಿರೀಕ್ಷಿಸಿದ ವ್ಯತ್ಯಾಸದಲ್ಲಿ ಒಂದಿಷ್ಟನ್ನು ಕುಗ್ಗುವಿಕೆ ತಿಂದುಹಾಕುತ್ತದೆ. 168 ಬರಬೇಕಾದಲ್ಲಿ 167 ಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಲೈನೋಟೈಪ್ ಎಂದ ಮೇಲೆ ಅದು ಈ ಹವ್ಯಾಸಕ್ಕೆ ಹೇಗೆ ಬಂತೆಂದು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಓಟ್‌ಮಾರ್ ಮೆರ್ಗೆಂಥಾಲರ್‌ನ ಅಕ್ಷರ ಜೋಡಣೆಯ ಯಂತ್ರ 1886ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಕೆಲಸಕ್ಕೆ ನಿಂತಿತು. ಮುಂದಿನ ಸುಮಾರು ಒಂದು ಶತಮಾನ ಅಮೆರಿಕದ ಪತ್ರಿಕೆಗಳು ಸೀಸ, ತವರ, ಆಂಟಿಮನಿಗಳ ಬಿಸಿ ಲೋಹದಲ್ಲೇ ಸಾಲುಗಳನ್ನು ಎರಕ ಹೊಯ್ದವು. ಫೋಟೋ ಜೋಡಣೆ ಬಂದು ಆ ಯಂತ್ರಗಳು ಮೂಲೆ ಸೇರಿದಾಗ ಲೋಹ ಗುಜರಿಗೆ ಬಂತು, ಗುಜರಿಯಿಂದ ಗುಂಡು ಎರಕದವರ ಮೂಸೆಗೆ ಬಂತು. 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹಿಡಿದು ಊರೂರಿನ ಸಣ್ಣ ಪ್ರೆಸ್ಸುಗಳವರೆಗೆ ಕನ್ನಡದ ಅಚ್ಚುಮೊಳೆಗಳೂ ಇದೇ ಮೂರು ಲೋಹಗಳ ಕುಟುಂಬಕ್ಕೆ ಸೇರಿದವು. ಸೀಸದ ಮೊಳೆ ಬೇಗ ಸವೆಯದಂತೆ ಗಟ್ಟಿಯಾಗಿಸುವ ಆಂಟಿಮನಿಯೇ ಇಲ್ಲಿ ಗುಂಡನ್ನು ಹಗುರಾಗಿಸುತ್ತದೆ.

ಚಕ್ರದ ತೂಕದ ತುಂಡುಗಳ ಕಥೆ ಇನ್ನಷ್ಟು ಅನಿಶ್ಚಿತ. ರಿಮ್ಮಿಗೆ ಸಿಕ್ಕಿಸುವ ಕ್ಲಿಪ್ಪಿನ ತುಂಡುಗಳಲ್ಲಿ ಆಂಟಿಮನಿ ಇರುತ್ತದೆ. ಅಂಟಿಸುವ ಪಟ್ಟಿಗಳು ಹೆಚ್ಚುಕಡಿಮೆ ಶುದ್ಧ ಸೀಸ. ಯುರೋಪಿನಲ್ಲಿ ಸೀಸದ ತೂಕಗಳನ್ನು 2005ರಿಂದ ಹೊಸ ವಾಹನಗಳಿಗೆ ನಿಲ್ಲಿಸಲಾಗಿದೆ. ಅಮೆರಿಕದಲ್ಲೂ ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮೇನ್, ವರ್ಮಾಂಟ್ ಮೊದಲಾದ ರಾಜ್ಯಗಳು ಅವನ್ನು ನಿಷೇಧಿಸಿವೆ. ಹಾಗಾಗಿ ಈಗ ಟೈರ್ ಅಂಗಡಿಯಿಂದ ತಂದ ಬಕೆಟ್ಟಿನಲ್ಲಿ ಉಕ್ಕಿನ ತುಂಡು, ಸತುವಿನ ತುಂಡುಗಳೂ ಬೆರೆತಿರುತ್ತವೆ. ಉಕ್ಕು ಮೇಲೆ ತೇಲುವುದರಿಂದ ತೆಗೆದುಹಾಕುವುದು ಸುಲಭ. ಸತು 420 ಡಿಗ್ರಿ ಸೆಲ್ಸಿಯಸ್ ಸಮೀಪದಲ್ಲಿ ಕರಗಿ ಸೀಸದೊಳಗೆ ಸೇರಿಕೊಂಡರೆ ಇಡೀ ಪಾತ್ರೆಯ ಲೋಹ ಕೆಡುತ್ತದೆ. ಸೀಸ 327 ಡಿಗ್ರಿಗೇ ಕರಗುವುದರಿಂದ ಉರಿಯನ್ನು ಹದದಲ್ಲಿಟ್ಟು ತೇಲುವುದನ್ನೆಲ್ಲ ಮೊದಲೇ ಸೌಟಿನಿಂದ ತೆಗೆಯುವವನಿಗೆ ಈ ಕಾಟವಿಲ್ಲ.

ನಮ್ಮ ಹವ್ಯಾಸಿ ಎರಕದ ಕೈಪಿಡಿಯೊಂದರಲ್ಲಿ ಎರಡನೇ ನಂಬರಿನ ಮಿಶ್ರಲೋಹದ ಹೆಸರನ್ನು ಓದಿ, ತನ್ನ ಲೋಹವೂ ಸರಿಸುಮಾರು ಅದೇ ಎಂದು ಭಾವಿಸಿದ್ದ. ಚಕ್ರದ ತೂಕದ ಲೋಹವೇ ಆಗಿದ್ದರೆ 163.5 ಗ್ರೇನಿನವರೆಗೆ ಕಾರಣ ಸಿಕ್ಕಂತಾಯಿತು. ಒಂಬತ್ತರಲ್ಲಿ ಐದೂವರೆ ಗ್ರೇನ್ ಲೋಹದ ಪಾಲು. ಉಳಿದ ಮೂರೂವರೆ ಗ್ರೇನ್ ಎಲ್ಲಿಂದ ಬಂತು?

ನೀರಿನಲ್ಲಿ ತೂಗಿ ನೋಡಿದಾಗ

ಇಲ್ಲಿ ಎರಡು ದಾರಿಗಳಿವೆ. ಲೋಹ ತಾನಂದುಕೊಂಡಿರುವುದಕ್ಕಿಂತ ಶುದ್ಧವಾದ ಸೀಸವಾಗಿರಬಹುದು; ಅಂಟಿಸುವ ಪಟ್ಟಿಗಳು ಜಾಸ್ತಿ ಬಿದ್ದಿದ್ದರೆ ಅದು ಸಹಜ. ಇಲ್ಲವೇ ಗುಂಡು ತಾನಿರಬೇಕಾದ್ದಕ್ಕಿಂತ ದೊಡ್ಡದಾಗಿರಬಹುದು. ಬರೀ ತೂಕ ನೋಡಿ ಇವೆರಡನ್ನು ಬೇರ್ಪಡಿಸಲು ಸಾಧ್ಯವಿಲ್ಲ. ಬಹಳಷ್ಟು ಜನ ಇಲ್ಲೇ ನಿಂತು, ತೋಚಿದ ಒಂದನ್ನು ಹಿಡಿದು ವಾದಕ್ಕಿಳಿಯುತ್ತಾರೆ. ಆದರೆ ಆರ್ಕಿಮಿಡೀಸನ ಉಪಾಯದಿಂದ ಅರ್ಧ ಗಂಟೆಯೊಳಗೆ ಉತ್ತರ ಪಡೆಯಬಹುದು, ಅದಕ್ಕೆ ತೋಟಾಕ್ಕೆ ತುಂಬುವ ಮದ್ದನ್ನು ತೂಗುವ ಪುಟ್ಟ ತಕ್ಕಡಿಯೇ ಸಾಕು.

ತಕ್ಕಡಿಯ ಮೇಲೆ ಚಿಕ್ಕ ಪ್ಲಾಸ್ಟಿಕ್ ಲೋಟದಲ್ಲಿ ನೀರಿಟ್ಟು ಅಂಕಿಯನ್ನು ಸೊನ್ನೆಗೆ ತರಬೇಕು. ಗುಂಡುಗಳನ್ನು ತೆಳುವಾದ ದಾರದಲ್ಲಿ ಕಟ್ಟಿ, ಲೋಟದ ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಬೇಕು. ಆಗ ತಕ್ಕಡಿ ತೋರಿಸುವ ಹೆಚ್ಚಳವೇ ಗುಂಡುಗಳು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಅದರಿಂದ ಗುಂಡುಗಳ ಒಣ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಒಂದೇ ಗುಂಡಿನಲ್ಲಿ ಇದನ್ನು ಮಾಡಿದರೆ ಹೆಚ್ಚಳ ಹದಿನೈದು ಗ್ರೇನ್ ಮಾತ್ರ. ತಕ್ಕಡಿ 0.1 ಗ್ರೇನಿನಷ್ಟು ತಪ್ಪಿದರೂ ಫಲಿತಾಂಶ ಶೇಕಡಾ 0.7ರಷ್ಟು ಆಚೀಚೆ ಆಗಿ ನಿರ್ಣಯ ಮಸುಕಾಗುತ್ತದೆ. ಎಂಟು ಗುಂಡುಗಳನ್ನು ಒಟ್ಟಿಗೆ ಕಟ್ಟಿದರೆ ಅದೇ ತಪ್ಪಿನ ಪ್ರಭಾವ ಎಂಟರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಈ ಬಗೆಯ ಎಷ್ಟೋ ತಕ್ಕಡಿಗಳ ಮಿತಿ 1500 ಗ್ರೇನ್ ಆದ್ದರಿಂದ ಎಂಟಕ್ಕಿಂತ ಹೆಚ್ಚನ್ನು ಒಮ್ಮೆಗೇ ಒಣಗಿದಾಗ ತೂಗುವುದೂ ಕಷ್ಟ. ಗುಂಡಿನ ಮೈಸುತ್ತ ಜಿಡ್ಡು ತುಂಬಲು ಬಿಟ್ಟಿರುವ ಕಾಲುವೆಗಳಲ್ಲಿ ಗಾಳಿಯ ಗುಳ್ಳೆ ಕೂತರೆ ಗುಂಡು ಇದ್ದುದಕ್ಕಿಂತ ದೊಡ್ಡದೆಂದು ಲೆಕ್ಕ ತಪ್ಪುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸಾಬೂನು ಹಾಕಿದರೆ ಗುಳ್ಳೆಗಳು ಬಿಟ್ಟುಹೋಗುತ್ತವೆ.

ನಮ್ಮ ಪ್ರಕರಣದಲ್ಲಿ ಎಂಟು ಗುಂಡುಗಳ ಒಣ ತೂಕ 1335 ಗ್ರೇನ್, ನೀರಿನಲ್ಲಿ ಹೆಚ್ಚಳ 120.7. ಕೋಣೆಯ ಉಷ್ಣತೆಯಲ್ಲಿ ನೀರಿನ ಸಾಂದ್ರತೆ ಒಂದಕ್ಕಿಂತ ಕೊಂಚ ಕಡಿಮೆ ಎಂಬುದನ್ನೂ ಸೇರಿಸಿಕೊಂಡರೆ ಬರುವ ಉತ್ತರ 11.04. ಅಂದರೆ ಲೋಹ ಶುದ್ಧ ಸೀಸವಲ್ಲ, ಎರಡನೇ ನಂಬರೂ ಅಲ್ಲ. ಕ್ಲಿಪ್ಪಿನ ಚಕ್ರದ ತೂಕಗಳಿಂದ ನಿರೀಕ್ಷಿಸಬಹುದಾದ್ದೇ. ಇಪ್ಪತ್ತು ಭಾಗ ಸೀಸಕ್ಕೆ ಒಂದು ಭಾಗ ತವರದ ಮಿಶ್ರಣವೂ ಸರಿಸುಮಾರು ಇದೇ ಸಾಂದ್ರತೆಯದು ಎಂಬುದು ನಿಜ. ಸಾಂದ್ರತೆಯೊಂದರಿಂದಲೇ ಘಟಕಗಳನ್ನು ಹೇಳಲಾಗದು, ಅದಕ್ಕೆ ಗಡಸುತನದ ಪರೀಕ್ಷೆಯೂ ಬೇಕು. ಆದರೆ ನಮ್ಮ ಪ್ರಶ್ನೆ ತೂಕದ್ದಾದ್ದರಿಂದ ಇಲ್ಲಿ ಅದರ ಅಗತ್ಯ ಬೀಳುವುದಿಲ್ಲ. ಒಂದು ಗುಂಡಿನ ಸರಾಸರಿ ಗಾತ್ರ 0.98 ಘನ ಸೆಂಟಿಮೀಟರ್, ಇರಬೇಕಾದದ್ದು 0.96. ಉಳಿದ ಮೂರೂವರೆ ಗ್ರೇನ್ ಗಾತ್ರದ್ದೇ ಎಂಬುದು ಇದರಿಂದ ಖಚಿತವಾಯಿತು.

ಸಾವಿರದಲ್ಲೊಂದು ಇಂಚು

ಗಾತ್ರ ಹೆಚ್ಚಲು ಮೂರು ದಾರಿಗಳಿವೆ, ಈ ಅಚ್ಚಿನಲ್ಲಿ ಮೂರೂ ಸ್ವಲ್ಪ ಸ್ವಲ್ಪ ಇದ್ದವು. ಮೈಕ್ರೋಮೀಟರಿನಲ್ಲಿ ಅಳೆದಾಗ ಗುಂಡಿನ ಕಾಲುವೆಗಳ ಅಕ್ಕಪಕ್ಕದ ಉಬ್ಬು ಪಟ್ಟಿಗಳ ವ್ಯಾಸ 0.358ರ ಬದಲು 0.360 ಇಂಚು. ಕಣ್ಣಿಗೆ ಇದು ಏನೂ ಅಲ್ಲ. ತೂಕ ವ್ಯಾಸದ ವರ್ಗದೊಂದಿಗೆ ಏರುವುದರಿಂದ, ಉದ್ದಕ್ಕೂ ಅಷ್ಟೇ ದಪ್ಪವೆಂದು ಹಿಡಿದರೆ ಶೇಕಡಾ 1.1, ಅಂದರೆ 1.8 ಗ್ರೇನ್ ಹೆಚ್ಚುತ್ತದೆ. ಇದನ್ನು ತಪ್ಪೆಂದು ಕರೆಯುವುದೂ ಕಷ್ಟ. ಎರಕದ ಗುಂಡನ್ನು ನಂತರ ಅಳತೆಯ ಉಂಗುರದೊಳಗೆ ಒತ್ತಿ ಸರಿಯಾದ ವ್ಯಾಸಕ್ಕೆ ತರುವುದು ವಾಡಿಕೆ. ಕಿರಿದಾದ ಗುಂಡನ್ನು ಹಿಗ್ಗಿಸಲು ಬರುವುದಿಲ್ಲ. ಆದ್ದರಿಂದ ಕುಳಿ ತುಸು ದೊಡ್ಡದಿರುವುದೇ ಬಳಕೆದಾರನಿಗೆ ಲೇಸು. ಹಳೆಯ ಪದ್ಧತಿಯಲ್ಲಿ ಕುಳಿಯನ್ನು ಗುಂಡಿನದೇ ಆಕಾರದ ಕೊರೆಯುವ ಉಪಕರಣದಿಂದ ತೋಡುತ್ತಿದ್ದರು. ಹೊಸ ಉಪಕರಣ ತೋಡಿದ ಕುಳಿ ದೊಡ್ಡದು. ಹಲವು ಬಾರಿ ಸಾಣೆ ಹಿಡಿದು ಸವೆದ ಉಪಕರಣ ತೋಡಿದ್ದು ಚಿಕ್ಕದು. ಒಂದೇ ಸಂಖ್ಯೆಯ ಎರಡು ಹಳೆಯ ಅಚ್ಚುಗಳು ಬೇರೆ ಬೇರೆ ತೂಕ ಕೊಡುವುದಕ್ಕೆ ಇದೊಂದು ದೊಡ್ಡ ಕಾರಣ.

ಎರಡನೆಯದು ಅಚ್ಚಿನ ಎರಡು ಹೋಳುಗಳ ನಡುವಿನ ಬಿರುಕು. ಗುಂಡಿನ ಮೈಮೇಲೆ ಹೋಳುಗಳು ಕೂಡುವ ಗೆರೆ ಕಾಣುತ್ತದೆ. ಆ ಗೆರೆಯಿಂದ ಗೆರೆಗೆ ಅಳೆದರೆ 0.360, ಅದಕ್ಕೆ ಅಡ್ಡಲಾಗಿ ಅಳೆದರೆ 0.361. ಹೋಳುಗಳು ಸಾವಿರದಲ್ಲೊಂದು ಇಂಚಿನಷ್ಟು ಬಾಯಿ ಬಿಟ್ಟಿದ್ದವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇದರ ಪಾಲು 0.6 ಗ್ರೇನ್. ಸಾಮಾನ್ಯವಾಗಿ ಇದಕ್ಕೆ ಕಾರಣ ಹೋಳಿನ ಮುಖಕ್ಕೆ ಮೆತ್ತಿದ ಸೀಸದ ಕಣ, ಇಲ್ಲವೇ ಹೋಳುಗಳನ್ನು ಜೋಡಿಸುವ ಗೂಟಗಳ ಬುಡದಲ್ಲಿ ಎದ್ದ ಮುಳ್ಳು. ಕೊಂಡು ತಂದ ಹಳೆಯ ಅಚ್ಚಿನಲ್ಲಿ ಮೂರನೆಯದೊಂದು ಸಾಧ್ಯತೆಯನ್ನು ಮರೆಯಬಾರದು. ಕಿರಿದಾದ ಗುಂಡು ಕೊಡುವ ಅಚ್ಚಿನ ಮುಖಗಳ ನಡುವೆ ತೆಳುವಾದ ಲೋಹದ ಟೇಪು ಅಂಟಿಸಿ ವ್ಯಾಸ ಹೆಚ್ಚಿಸಿಕೊಳ್ಳುವ ಉಪಾಯ ಅಮೆರಿಕದ ಎರಕದವರಲ್ಲಿ ಚಾಲ್ತಿಯಲ್ಲಿದೆ; ಅದನ್ನು ಅವರು ಬೀಗ್ಲಿಂಗ್ ಎನ್ನುತ್ತಾರೆ. ಹಿಂದಿನ ಒಡೆಯ ಟೇಪು ಕಿತ್ತರೂ ಅಂಟು ಸುಟ್ಟು ಕರಕಾಗಿ ಉಳಿದಿರುತ್ತದೆ. ನಮ್ಮ ಅಚ್ಚಿನ ಒಂದು ಮೂಲೆಯಲ್ಲಿ ಇದ್ದ ಕಂದು ಕಲೆ ಅಂಥದ್ದೇ.

ಮೂರನೆಯದು ಮೇಲಿನ ತಟ್ಟೆ, ಎರಕದವರ ಮಾತಿನಲ್ಲಿ ಸ್ಪ್ರೂ ಪ್ಲೇಟ್. ಲೋಹವನ್ನು ಸುರಿಯುವುದು ಇದರ ರಂಧ್ರದ ಮೂಲಕ, ಗಟ್ಟಿಯಾದ ಮೇಲೆ ಹೆಚ್ಚುವರಿಯನ್ನು ಕತ್ತರಿಸುವುದೂ ಇದರಿಂದಲೇ. ಲೋಹ ಇನ್ನೂ ಮೆದುವಾಗಿರುವಾಗಲೇ ತಟ್ಟೆಯನ್ನು ತಿರುಗಿಸುವ ಅವಸರದವರ ಅಚ್ಚಿನಲ್ಲಿ ತಟ್ಟೆಯ ಅಡಿಗೆ ಸೀಸ ತೇಯ್ದುಕೊಂಡು ತಟ್ಟೆ ಎತ್ತರಿಸಿ ಕೂರುತ್ತದೆ. ಹಾಗೆ ಸಾವಿರದಲ್ಲಿ ಮೂರು ಇಂಚು ಎದ್ದರೂ ಗುಂಡಿನ ಬುಡಕ್ಕೆ ಅಷ್ಟೇ ದಪ್ಪದ ಬಿಲ್ಲೆ ಸೇರಿದಂತಾಗಿ 0.85 ಗ್ರೇನ್ ಹೆಚ್ಚುತ್ತದೆ. ಬುಡದ ಅಂಚಿನಲ್ಲಿ ಕೈಗೆ ತಾಗುವ ತೆಳುವಾದ ರೆಕ್ಕೆ ಇದರ ಗುರುತು.

ಮೂರನ್ನೂ ಕೂಡಿಸಿದರೆ 3.25 ಗ್ರೇನ್, 163.5ಕ್ಕೆ ಸೇರಿಸಿದರೆ 166.75. ಪ್ರಕರಣ ಲೆಕ್ಕಕ್ಕೆ ಕೂತಿತು. ತಕ್ಕಡಿಯ ಮೇಲೂ ಅನುಮಾನ ಪಡಬೇಕಿತ್ತಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು, ಮತ್ತು ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು. ಗೊತ್ತಿರುವ ತೂಕದ ಬಿಲ್ಲೆಯೊಂದನ್ನು ಇಟ್ಟು ನೋಡಿದರೆ ಅಲ್ಲಿಗೆ ಮುಗಿಯುತ್ತದೆ.

ಇದರ ಜೊತೆಗೇ ಚದುರುವಿಕೆಯ ಮಾತನ್ನೂ ಹೇಳಬೇಕು, ಏಕೆಂದರೆ ಎರಡನ್ನೂ ಒಂದೇ ಎಂದು ಗೊಂದಲ ಮಾಡಿಕೊಳ್ಳುವವರು ಇದ್ದಾರೆ. ಒಂದು ಬಾರಿ ಹೊಯ್ದ ಗುಂಡುಗಳೆಲ್ಲ ಒಂದೇ ತೂಕ ತೂಗುವುದಿಲ್ಲ. ಅಚ್ಚು ತಣ್ಣಗಿದ್ದಾಗ ಹೊಯ್ದದ್ದು ಸರಿಯಾಗಿ ತುಂಬಿರುವುದಿಲ್ಲ, ಒಳಗೆ ಗಾಳಿ ಸಿಕ್ಕಿಕೊಂಡದ್ದು ಹಗುರ, ಎರಡು ಕುಳಿಗಳ ನಡುವೆಯೂ ಗ್ರೇನಿನ ಒಂದಿಷ್ಟು ಭಾಗ ವ್ಯತ್ಯಾಸ ಇರುತ್ತದೆ. ಇವೆಲ್ಲ ಕೈಯ ಮತ್ತು ಉರಿಯ ಸಂಗತಿಗಳು. ಹದ ಕಂಡುಕೊಂಡರೆ ಕಡಿಮೆಯಾಗುತ್ತವೆ. ಗುಂಡುಗಳ ಇಡೀ ಗುಂಪೇ ಒಂದು ಕಡೆಗೆ ಸರಿದು ನಿಂತಿರುವುದು ಬೇರೆ ಬಗೆಯ ಸಂಗತಿ. ಟೊಳ್ಳು ಉಳಿದ ಗುಂಡು ತೂಕ ಕಳೆದುಕೊಳ್ಳುತ್ತದೆಯೇ ಹೊರತು ಗಳಿಸುವುದಿಲ್ಲವಾದ್ದರಿಂದ, ಹೆಚ್ಚು ತೂಕಕ್ಕೆ ಎರಕದವನ ಕೈಯನ್ನು ದೂರುವುದರಲ್ಲಿ ಅರ್ಥವಿಲ್ಲ. ಸ್ಪ್ರೂ ತಟ್ಟೆಯನ್ನು ಅವಸರದಲ್ಲಿ ತಿರುಗಿಸುವ ಕೈ ಮಾತ್ರ ಇದಕ್ಕೆ ಅಪವಾದ.

ಒಂಬತ್ತು ಗ್ರೇನಿನಿಂದ ಆಗುವುದೇನು

ಐದೂವರೆ ಗ್ರೇನ್ ಲೋಹದ್ದು, ಮೂರೂಕಾಲು ಗ್ರೇನ್ ಗಾತ್ರದ್ದು ಎಂದು ಬೇರ್ಪಡಿಸಿದ ಶ್ರಮಕ್ಕೆ ಬೆಲೆ ಬರುವುದು ಇಲ್ಲಿ. ತೋಟಾದೊಳಗೆ ಗುಂಡಿನ ಬುಡಕ್ಕೂ ಮದ್ದಿಗೂ ಇರುವ ಜಾಗ ಗುಂಡಿನ ಉದ್ದದಿಂದ ನಿರ್ಧಾರವಾಗುತ್ತದೆ. ಸಾಂದ್ರತೆಯಿಂದ ಬಂದ ಹೆಚ್ಚು ತೂಕ ಆ ಜಾಗವನ್ನು ಮುಟ್ಟುವುದಿಲ್ಲ. ಅದೇ ಉದ್ದದ ಗುಂಡು ಭಾರವಾಯಿತು, ಅಷ್ಟೇ. ಮದ್ದು ಉರಿದು ನೂಕುವಾಗ ಆ ಭಾರ ತುಸು ನಿಧಾನವಾಗಿ ಕದಲುವುದರಿಂದ ಒತ್ತಡ ಏರುತ್ತದೆ. ಉದ್ದ ಹೆಚ್ಚಿ ಬಂದ ತೂಕವಾದರೆ ಎರಡು ಪರಿಣಾಮಗಳು ಒಟ್ಟಿಗೆ ಬರುತ್ತವೆ: ಭಾರವೂ ಹೆಚ್ಚು, ಜಾಗವೂ ಕಡಿಮೆ. ನಮ್ಮ ಪ್ರಕರಣದಲ್ಲಿ ಉದ್ದದ ಹೆಚ್ಚಳ ಸಾವಿರದಲ್ಲಿ ಮೂರು ಇಂಚು ಮಾತ್ರವಾದ್ದರಿಂದ ಜಾಗದ ಚಿಂತೆ ಬೇಕಿಲ್ಲ. ಚಿಕ್ಕ ಪಿಸ್ತೂಲು ತೋಟಾಗಳಲ್ಲಿ ಗುಂಡನ್ನು ಆಳಕ್ಕೆ ಕೂರಿಸುವ ಸಂದರ್ಭದಲ್ಲಿ ಇದೇ ವಿಷಯ ಗಂಭೀರ. ಏನಿದ್ದರೂ, ಕೈಪಿಡಿಯಲ್ಲಿ ಮದ್ದಿನ ಅಳತೆ ನೋಡುವಾಗ ಅಚ್ಚಿನ ಮೇಲಿನ 158ನ್ನು ಬದಿಗಿಟ್ಟು, ತಕ್ಕಡಿ ತೋರಿಸಿದ ತೂಕಕ್ಕಿಂತ ಕಡಿಮೆಯಿಲ್ಲದ ಗುಂಡಿನ ಕೋಷ್ಟಕವನ್ನೇ ನೋಡಬೇಕು, ಅದರಲ್ಲೂ ಆರಂಭದ ಕನಿಷ್ಠ ಅಳತೆಯಿಂದಲೇ ಹೊರಡಬೇಕು. ಈ ವಿಷಯದಲ್ಲಿ ರಿಯಾಯಿತಿ ಇಲ್ಲ.

ವ್ಯಾಸದ ಹೆಚ್ಚಳದ ಕಥೆ ಬೇರೆ. 0.360ರ ಗುಂಡನ್ನು ಉಂಗುರದಲ್ಲಿ ಒತ್ತಿ 0.358ಕ್ಕೆ ಇಳಿಸಿದರೆ ವ್ಯಾಸ ಹೋಗುತ್ತದೆ, ತೂಕ ಹೋಗುವುದಿಲ್ಲ. ಲೋಹ ಎಲ್ಲಿಗೂ ಓಡದೆ ಜಿಡ್ಡಿನ ಕಾಲುವೆಗಳೊಳಗೆ ನುಗ್ಗಿ ಅವನ್ನು ಕಿರಿದಾಗಿಸುತ್ತದೆ, ಗುಂಡು ಕೊಂಚ ಉದ್ದವಾಗುತ್ತದೆ. ಉಂಗುರ ದಾಟಿಸಿದ ಮೇಲೆ ತೂಕ 158ಕ್ಕೆ ಬರುತ್ತದೆಂದು ಕಾದವರಿಗೆ ನಿರಾಸೆ ಖಂಡಿತ.

ಗುರಿಯ ಮೇಲಾಗುವ ಪರಿಣಾಮ ಅನೇಕರಿಗೆ ಅನಿರೀಕ್ಷಿತ. .38 ಸ್ಪೆಷಲ್ ತೋಟಾದ ರೂಢಿಯ ಸೀಸದ ಗುಂಡು 158 ಗ್ರೇನಿನದು, ಮತ್ತು ಸ್ಥಿರವಾದ ಗುರಿಕಣ್ಣುಗಳಿರುವ ಹಳೆಯ ರಿವಾಲ್ವರುಗಳನ್ನು ಆ ತೂಕಕ್ಕೇ ಹೊಂದಿಸಿರುತ್ತಿದ್ದರು. ಹೆಚ್ಚು ಭಾರದ ಗುಂಡು ಕೆಳಗೆ ಬೀಳಬೇಕೆಂದು ಎಲ್ಲರೂ ಊಹಿಸುತ್ತಾರೆ. ಹತ್ತಿರದ ಗುರಿಯಲ್ಲಿ ಅದು ಮೇಲಕ್ಕೆ ತಾಗುತ್ತದೆ, ಏಕೆಂದರೆ ಭಾರದ ನಿಧಾನ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ಹಿಂದೊತ್ತು ನಳಿಗೆಯ ಮೂತಿಯನ್ನು ಮೇಲಕ್ಕೆತ್ತಿರುತ್ತದೆ.

ಅಮೆರಿಕದ ಯುಎಸ್‌ಪಿಎಸ್‌ಎ ಎಂಬ ಗುರಿಕಾರರ ಸಂಘದ ಸ್ಪರ್ಧೆಗಳಲ್ಲಿ ಗ್ರೇನ್ ಲೆಕ್ಕದ ಗುಂಡಿನ ತೂಕವನ್ನು ಸೆಕೆಂಡಿಗೆ ಇಷ್ಟು ಅಡಿ ಎಂಬ ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದ ಅಂಕಿ ನಿಗದಿತ ಮಿತಿಯನ್ನು ದಾಟಬೇಕು. ಕೆಳ ದರ್ಜೆಗೆ ಆ ಮಿತಿ 125. ಅಧಿಕಾರಿಗಳು ತೋಟಾದಿಂದ ಗುಂಡನ್ನು ಕಿತ್ತು ತಾವೇ ತೂಗುತ್ತಾರೆ, ಅಚ್ಚಿನ ಹೆಸರು ಕೇಳುವುದಿಲ್ಲ. ಲೈನೋಟೈಪ್ ಬಳಸಿ 152 ತೂಗುವ ಗುಂಡನ್ನು 158 ಎಂದೇ ನಂಬಿದವನು ಅಲ್ಲಿ ಸಿಕ್ಕಿಬೀಳುತ್ತಾನೆ. ಹೆಚ್ಚು ತೂಕದ ಬಗ್ಗೆ ದೂರುವವರು ಕಡಿಮೆ ತೂಕವೂ ಇದೇ ಮೂಲದಿಂದ ಬರುತ್ತದೆಂಬುದನ್ನು ನೆನಪಿಡುವುದು ಒಳ್ಳೆಯದು.

ಕನ್ನಡ ಓದುಗರಲ್ಲಿ ಅಮೆರಿಕದಲ್ಲಿ ನೆಲೆಸಿರುವವರೂ ಊರಿನಲ್ಲಿರುವವರೂ ಇರುವುದರಿಂದ ಕಾನೂನಿನ ಮಾತು ಬೇಕು. ಅಮೆರಿಕದ ಕೇಂದ್ರ ಕಾನೂನಿನಂತೆ ಸ್ವಂತ ಬಳಕೆಗೆ ಗುಂಡು ತಯಾರಿಸಲು ಪರವಾನಗಿ ಬೇಡ, ಮಾರಾಟಕ್ಕೆ ತಯಾರಿಸಲು ಬೇಕು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ. ಭಾರತದಲ್ಲಿ 1959ರ ಆಯುಧ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ, 2029ರವರೆಗೆ ವಿಸ್ತರಿಸಲಾಗಿರುವ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು. ತಯಾರಿಕೆಗೆ ಅದನ್ನು ಚಾಚಲು ಬರುವುದಿಲ್ಲ.

ಅಚ್ಚಿಗೆ ಮಾಡಿದ್ದು

ಹೋಳುಗಳ ಮುಖಗಳನ್ನು ದ್ರಾವಕದಿಂದ ಒರೆಸಿ, ಅಂಟಿನ ಕಲೆಯನ್ನು ಮರದ ಕಡ್ಡಿಯಿಂದ ಕೆರೆದು ತೆಗೆಯಲಾಯಿತು. ಅಲ್ಯೂಮಿನಿಯಂ ಮೆದುವಾದ್ದರಿಂದ ಉಕ್ಕಿನ ಉಪಕರಣ ಮುಟ್ಟಿಸಿದರೆ ಗೀರು ಬಿದ್ದು ಹೊಸ ತೊಂದರೆ ಶುರುವಾಗುತ್ತದೆ. ಸ್ಪ್ರೂ ತಟ್ಟೆಯ ಅಡಿಯ ಸೀಸವನ್ನು ಅಚ್ಚು ಬಿಸಿಯಿರುವಾಗ ದಪ್ಪ ಹತ್ತಿ ಬಟ್ಟೆಯಿಂದ ಒರೆಸಿ, ತಟ್ಟೆ ತನ್ನ ಭಾರಕ್ಕೇ ತಿರುಗುವಷ್ಟು ಮಾತ್ರ ತಿರುಪು ಬಿಗಿ ಮಾಡಲಾಯಿತು. ಸುರಿದ ಮೇಲೆ ಸ್ಪ್ರೂ, ಅಂದರೆ ತಟ್ಟೆಯ ಮೇಲೆ ಉಳಿದ ಹೆಚ್ಚುವರಿ ಲೋಹ, ಮಂಕಾಗುವವರೆಗೆ ಕಾದು ನಂತರ ಕತ್ತರಿಸುವುದು ಅಭ್ಯಾಸವಾಯಿತು.

ಇಷ್ಟಾದ ಮೇಲೆ ಗುಂಡು ಎರಡೂ ದಿಕ್ಕಿನಲ್ಲಿ 0.360 ಅಳೆಯಿತು, ತೂಕ 165ಕ್ಕೆ ಸ್ವಲ್ಪ ಮೇಲೆ ನಿಂತಿತು. ಕುಳಿಯ ವ್ಯಾಸವನ್ನು ಕಡಿಮೆ ಮಾಡುವ ಉಪಾಯವಿಲ್ಲ, ಬೇಕಾಗಿಯೂ ಇಲ್ಲ. ಲೋಹವನ್ನು ಎರಡನೇ ನಂಬರಿಗೆ ತಂದರೆ ಇನ್ನೂ ಐದೂವರೆ ಗ್ರೇನ್ ಇಳಿದು 160ರ ಹತ್ತಿರ ಬರುತ್ತದೆ. ಅದಕ್ಕಾಗಿ ಸೀಸಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ತವರವನ್ನು ನೂರಕ್ಕೆ ನಾಲ್ಕೈದು ಭಾಗ ಸೇರಿಸಬೇಕು, ಆಂಟಿಮನಿಯನ್ನೂ ಹೊಂದಿಸಬೇಕು. ಸಾಧಾರಣ ವೇಗದ ರಿವಾಲ್ವರ್ ಗುಂಡಿಗೆ ಅಷ್ಟು ಗಡಸುತನದ ಅಗತ್ಯವಿಲ್ಲ. ಸಂಖ್ಯೆಯೊಂದನ್ನು ಹೊಂದಿಸುವ ಏಕೈಕ ಕಾರಣಕ್ಕೆ ತವರ ಸುರಿಯುವುದು ನನ್ನ ದೃಷ್ಟಿಯಲ್ಲಿ ದಂಡದ ಖರ್ಚು.

ಆದ್ದರಿಂದ ಅಚ್ಚನ್ನು ಇದ್ದಂತೆಯೇ ಇಟ್ಟುಕೊಂಡು, ಅದರ ಹಿಡಿಕೆಗೆ ಒಂದು ಚೀಟಿ ಕಟ್ಟಲಾಯಿತು: ಕ್ಲಿಪ್ಪಿನ ಚಕ್ರದ ತೂಕದ ಲೋಹ, ಸಾಂದ್ರತೆ 11.04, ಹೊಯ್ದಂತೆ 0.360, ತೂಕ 165. ಬಕೆಟ್ಟಿನ ಲೋಹ ಮುಗಿದು ಹೊಸದನ್ನು ಕರಗಿಸಿದಾಗಲೆಲ್ಲ ಎಂಟು ಗುಂಡುಗಳನ್ನು ಮತ್ತೆ ನೀರಿಗಿಳಿಸಿ ಆ ಚೀಟಿಯ ಅಂಕಿಗಳನ್ನು ತಿದ್ದಬೇಕಾಗುತ್ತದೆ.